ಸ್ಪೀಕರ್ ಮುಂದೆ ಮೊಬೈಲ್ ಹಿಡಿದರೆ ಪ್ಲೇಟು ಉಳಿಯಲ್ರೀ

ನಮ್ಮ ಕಡೆ ಹಳೆ ಪ್ಲೇಟು ‘ಡಿಜಿಟಲ್’ ಮಾಡುವುದೆಂದರೆ ಸ್ಪೀಕರ್ ಮುಂದೆ ಮೊಬೈಲ್ ಹಿಡಿಯುವುದು ಅಂತಾಗಿದೆ. ಹಾಡಿನ ಜತೆ ಫ್ಯಾನಿನ ಗಾಳಿ, ಓಣಿಯ ಟ್ರ್ಯಾಕ್ಟರು, ಎಮ್ಮೆ ಎಲ್ಲಾ ಬರುತ್ತವೆ. ಅದನ್ನು ವಾಟ್ಸಾಪ್‌ಗೆ ಬಿಟ್ಟು, ‘ಉಳಿಸಿದ್ವಿ’ ಅಂದು ಪ್ಲೇಟನ್ನು ಗುಜರಿಗೆ ಹಾಕುತ್ತಾರೆ. ನನ್ನ ತಕರಾರು ಆ ಗುಜರಿ ಬಗ್ಗೆ. ಕೆಟ್ಟ ಕಾಪಿ ಉಳಿದು ಅಸಲಿ ಹೋದರೆ ತಿರುಗಿ ತರುವುದು ಎಲ್ಲಿಂದ?

ಲ್ಯಾಪ್‌ಟಾಪ್ ಇದ್ದವರು ಪ್ಲೇಯರಿನ ವೈರು ತಂದು ಮೈಕ್ ತೂತಿಗೆ ಚುಚ್ಚುತ್ತಾರೆ. ಅದು ಮಾತಿಗೆಂದು ಮಾಡಿದ ತೂತು, ಬಹುತೇಕ ಒಂದೇ ಚಾನೆಲ್‌ನದು. ಪ್ಲೇಯರಿನ ಮುಳ್ಳಿನಿಂದ ಬರುವುದು ಸುಮಾರು 5 ಮಿಲಿವೋಲ್ಟ್ ಮಾತ್ರ. ಮೇಲಾಗಿ ಎಲ್‌ಪಿ ಕೊರೆಯುವಾಗಲೇ ಬಾಸ್ ತಗ್ಗಿಸಿ, ಟ್ರೆಬಲ್ ಏರಿಸಿರುತ್ತಾರೆ. ಅದನ್ನು ಸರಿ ಮಾಡಿ ಸಿಗ್ನಲ್ ದೊಡ್ಡದು ಮಾಡುವುದು ಫೋನೊ ಪ್ರಿಆಂಪ್. ಅದಿಲ್ಲದಿದ್ದರೆ ಹಾಡು ತಗಡು ಬಡಿದಂಗೆ ಕೇಳುತ್ತದೆ. ಪ್ರಿಆಂಪ್ ಆದಮೇಲೆ ಆಡಿಯೋ ಇಂಟರ್‌ಫೇಸ್, ಅಲ್ಲಿಂದ ಯುಎಸ್‌ಬಿ ಮೂಲಕ ಲ್ಯಾಪ್‌ಟಾಪ್.

ಪೇಟೆಯ ಅಂಗಡಿಯೊಂದರಲ್ಲಿ ಕೇಳಿದರೆ ಎಂಟು ಮೈಕ್ ಹಾಕುವ ಪೆಟ್ಟಿಗೆ ತೋರಿಸಿದರು. ನಾವೇನು ಭಜನಾ ಮೇಳ ರೆಕಾರ್ಡ್ ಮಾಡ್ತೀವೇನ್ರೀ? ಬೇಕಿರುವುದು ಎರಡು ಲೈನ್ ಇನ್‌ಪುಟ್, 24 ಬಿಟ್, 96 ಕಿಲೋಹರ್ಟ್ಜ್. ಸ್ಕಾರ್ಲೆಟ್ ಸೋಲೋ ಅಗ್ಗ ಅಂತ ತಂದರೆ ಲೈನ್ ಇನ್‌ಪುಟ್ ಒಂದೇ, 2ಐ2ದಲ್ಲಿ ಎರಡಿವೆ. ಬೆಹ್ರಿಂಗರ್ ಯುಎಫ್‌ಒ202ದಲ್ಲಿ ಫೋನೊ ಪ್ರಿಆಂಪ್ ಒಳಗೇ ಇದೆ, ಆದರೆ ಅದು 16 ಬಿಟ್, 48 ಕಿಲೋಹರ್ಟ್ಜ್‌ಗೆ ನಿಲ್ಲುತ್ತದೆ. ಸಿನಿಮಾ ಹಾಡಿಗೆ ಸಾಕು. ಬೇರೆಲ್ಲೂ ಸಿಗದ ಪ್ಲೇಟಿಗೆ ನಾನಂತೂ ಒಪ್ಪುವುದಿಲ್ಲ.

‘ಹಳೇ ಮೊನೊ ಪ್ಲೇಟಿಗೆ ಎರಡು ಚಾನೆಲ್ ಯಾಕ?’ ಅನ್ನುವವರಿದ್ದಾರೆ. ಗೆರೆಯ ಎರಡು ಗೋಡೆ ಒಂದೇ ಸಮ ಸವೆದಿರುವುದಿಲ್ಲ. ಎರಡನ್ನೂ ತೆಗೆದಿಟ್ಟರೆ ಚೊಲೊ ಇದ್ದದ್ದನ್ನು ಆರಿಸಿಕೊಳ್ಳಬಹುದು. 78ರ ಪ್ಲೇಟಿಗೆ ಎಲ್‌ಪಿ ಮುಳ್ಳು ಬೇಡ. ಅಗಲ ಗೆರೆಯ ತಳಕ್ಕಿಳಿದು ಬರೀ ಕರಕರ.

ವೇವ್ ಫೈಲ್ ದೊಡ್ಡದು ಅನ್ನುವುದು ಇನ್ನೊಂದು ನೆಪ. ನಿಮಿಷಕ್ಕೆ ಸುಮಾರು 35 ಎಂಬಿ, 20 ನಿಮಿಷದ ಒಂದು ಬದಿಗೆ 700 ಎಂಬಿ. ಮದುವೆ ವಿಡಿಯೋಕ್ಕೆ ಹಾರ್ಡ್‌ಡಿಸ್ಕ್ ತುಂಬಿಸುವ ನಾವು ಇದಕ್ಕೆ ಜಾಗ ಇಲ್ಲ ಅನ್ನುವುದೇ? ವಾಟ್ಸಾಪ್‌ಗೆ ಎಂಪಿ3 ಬೇರೆ ಮಾಡಿಕೊಳ್ಳಿ. ಪ್ಲೇಟಿನ ನಡುವಿನ ಲೇಬಲ್‌ನ ಫೋಟೋನೂ ಬೇಕು. ಗಂಗೂಬಾಯಿ ಹಾನಗಲ್ಲರ ಮೊದಮೊದಲ ಪ್ಲೇಟುಗಳು ಬಂದದ್ದು ‘ಗಾಂಧಾರಿ’ ಹೆಸರಿನಲ್ಲಿ. ಲೇಬಲ್ ಹೋದರೆ ಹಾಡಿದವರು ಯಾರೆಂಬುದೂ ಹೋಗುತ್ತದೆ.

ಮನೆಗೊಂದು ಇಂಟರ್‌ಫೇಸ್ ಕೊಳ್ಳಿರೆಂದು ಯಾರಿಗೂ ಹೇಳುತ್ತಿಲ್ಲ. ಕೌಜಲಗಿ ನಿಂಗಮ್ಮನ ನಾಡು, ಪಾರಿಜಾತದ ಸೀಮೆ ಅಂತ ವೇದಿಕೆ ಮೇಲೆ ಎದೆ ತಟ್ಟಿಕೊಳ್ಳುವವರು ತಾಲ್ಲೂಕಿಗೊಂದು ಸೆಟ್ಟನ್ನು ಪಂಚಾಯ್ತಿ ಗ್ರಂಥಾಲಯದಲ್ಲಿ ಇಡಿಸಲಿ. ಒಂದು ಜಾತ್ರೆಯ ಫ್ಲೆಕ್ಸ್ ಬ್ಯಾನರ್ ಕಡಿಮೆ ಮಾಡಿದರೂ ನಡೆದೀತು. ಅಲ್ಲಿಯವರೆಗೆ ಪ್ಲೇಟುಗಳನ್ನು ಒಂದರ ಮೇಲೊಂದು ಪೇರಿಸದೆ ನೆಟ್ಟಗೆ ನಿಲ್ಲಿಸಿಡಿ. ತಗಡಿನ ಶೆಡ್ಡಿನಲ್ಲಿ ಬೇಡ, ಬಿಸಿಲಿಗೆ ಎಲ್‌ಪಿ ಸೊಟ್ಟಾಗುತ್ತದೆ.