ಊರಿನ ಹೆಸರು, ಮನೆತನದ ಹೆಸರು

ಯಾದಗಿರಿ, ಶಹಾಪುರ, ಸುರಪುರ ಎಂಬವು ನಮ್ಮ ಶಾಲೆಯ ದಾಖಲೆ ಪುಸ್ತಕದಲ್ಲಿ ವಾಸಸ್ಥಳಗಳಾಗಿಯಲ್ಲದೆ ಅಡ್ಡಹೆಸರುಗಳಾಗಿಯೂ ಕಾಣಬರುವವು. ಈ ಅಡ್ಡಹೆಸರುಗಳ ವಿಷಯವಾಗಿ ಹಳೆಯ ವಿದ್ಯಾರ್ಥಿನಿಯರಿಗೂ ಪಾಲಕರಿಗೂ ಎರಡು ಮಾತುಗಳನ್ನು ಅರಿಕೆ ಮಾಡಿಕೊಳ್ಳಬಯಸುತ್ತೇವೆ.

ಊರಿನ ಹೆಸರು ಮನೆತನಕ್ಕೆ ಅಂಟುವದು ಸಾಮಾನ್ಯವಾಗಿ ಊರು ಬಿಟ್ಟ ಮೇಲೆಯೇ. ಶಹಾಪುರದಲ್ಲಿ ಎಲ್ಲರೂ ಶಹಾಪುರದವರಾದ್ದರಿಂದ ಆ ಹೆಸರಿನಿಂದ ಯಾರ ಗುರುತೂ ಆಗದು; ಅಲ್ಲಿಯ ಮನೆತನವೊಂದು ಪರಸ್ಥಳದಲ್ಲಿ ನೆಲೆಸಿದಾಗ ನೆರೆಹೊರೆಯವರು ಅವರನ್ನು ಶಹಾಪುರದವರೆಂದು ಕರೆಯುವರು. ಕನ್ನಡದಲ್ಲಿ ಊರಿನ ಹೆಸರೇ ಇದ್ದಂತೆ ನಿಲ್ಲುವದು. ಮರಾಠಿಯ ರೀತಿಯಿಂದ ‘ಶಹಾಪುರಕರ’ ಎಂದೂ, ಉರ್ದುವಿನ ರೀತಿಯಿಂದ ‘ಶಹಾಪುರಿ’ ಎಂದೂ ಆಗುವದು. 1948ರ ವರೆಗೆ ನಿಜಾಮರ ಆಳಿಕೆಯಲ್ಲಿದ್ದ ನಮ್ಮ ಸೀಮೆಗೆ ಈ ಮೂರು ರೀತಿಗಳೂ ಹೊಸತಲ್ಲ.

ಲ್ಯಾಟಿನ್ ಭಾಷೆಯಲ್ಲಿ ಇಂಥ ವಿಶೇಷಣಗಳು ಲಿಂಗವನ್ನನುಸರಿಸುವವು. ರೋಮಿನ ಪುರುಷನು ‘ರೋಮಾನುಸ್’, ಸ್ತ್ರೀಯು ‘ರೋಮಾನಾ’. ಸುವಾರ್ತೆಗಳಲ್ಲಿ ಮಗ್ದಲದ ಮರಿಯಳನ್ನು ಇತರ ಮರಿಯಳರಿಂದ ಬೇರೆಯಾಗಿ ಗುರುತಿಸಿದ್ದು ತಂದೆಯ ಹೆಸರಲ್ಲ, ಗಂಡನ ಹೆಸರಲ್ಲ, ಅವಳ ಊರು. ಗಲಿಲಾಯದ ಆ ಪ್ರಾಚೀನ ಊರು ಹಾಳಾಯಿತು. ಅದರಿಂದ ಹುಟ್ಟಿದ ‘ಮಗ್ದಲೇನಾ’ ಎಂಬ ಶಬ್ದವು ಇಂದಿಗೂ ಹೆಣ್ಣುಮಕ್ಕಳ ಹೆಸರಾಗಿ ಬಾಳುತ್ತಿದೆ.

ಹೀಗಿರಲು ಊರಿನ ಹೆಸರು ಬದಲಾಯಿತೆಂದು ಮನೆತನದ ಹೆಸರನ್ನು ತಿದ್ದುವದು ಅವಶ್ಯವಲ್ಲ. 2014ರ ನವೆಂಬರ 1ರಂದು ಗುಲ್ಬರ್ಗವು ಕಲಬುರಗಿಯೂ, ಬಿಜಾಪುರವು ವಿಜಯಪುರವೂ ಆದವು. ಆದರೂ ‘ಬಿಜಾಪುರ’ ಮನೆತನದವರು ಬಿಜಾಪುರದವರೇ. ಸುರಪುರವನ್ನು ಇಂಗ್ಲಿಷರು ‘ಶೋರಾಪುರ’ವೆಂದು ಬರೆದರು; ಯಾದಗಿರಿಯು ‘ಯಾದಗೀರ’ವೂ ಆಗಿದೆ. ಅಂಕಪಟ್ಟಿಯಲ್ಲೊಂದು ಬಗೆ, ಆಧಾರ ಚೀಟಿಯಲ್ಲೊಂದು ಬಗೆ, ಮದುವೆಯ ತರುವಾಯ ಮತ್ತೊಂದು ಹೆಸರೇ ಆದರೆ, ಕೆಲಸಕ್ಕೆ ಅರ್ಜಿ ಹಾಕುವ ದಿನ ತಾನು ತಾನೇ ಎಂದು ಸಿದ್ಧಪಡಿಸುವ ಭಾರವು ಹುಡುಗಿಯ ಮೇಲೆ ಬೀಳುವದು.

ಆದಕಾರಣ ಪಾಲಕರು ಶಾಲೆಗೆ ಸೇರಿಸುವಾಗಲೇ ಅಕ್ಕತಂಗಿಯರೆಲ್ಲರ ಅಡ್ಡಹೆಸರನ್ನು ಒಂದೇ ಬಗೆಯಾಗಿ ಬರೆಯಿಸಬೇಕು. ಅದು ಯಾವ ಊರಿನದು, ಹಿರಿಯರು ಅಲ್ಲಿಂದ ಏಕೆ ಬಂದರು ಎಂಬದನ್ನು ಮಕ್ಕಳಿಗೆ ತಿಳಿಸಬೇಕು. ಮದುವೆಯಲ್ಲಿ ಹೆಸರು ಬದಲಿಸುವದನ್ನು ಮಗಳ ಇಚ್ಛೆಗೆ ಬಿಡಬೇಕೇ ಹೊರತು ರೂಢಿಯೆಂದು ಹೇರಬಾರದು. ಊರು ಬಿಟ್ಟವರಿಗೇ ಊರಿನ ಹೆಸರು ಸಲ್ಲುವದಾದರೆ, ತವರೂರನ್ನು ಬಿಟ್ಟು ನಡೆಯುವ ಹೆಣ್ಣುಮಗಳಿಗಿಂತ ಅದಕ್ಕೆ ಹೆಚ್ಚಿನ ಹಕ್ಕುದಾರರು ಯಾರಿದ್ದಾರೆ?