ಹಳೆಯ ಜನರೇಟರ್: ಮುಂಗಡಕ್ಕೆ ಮುನ್ನ ಲೋಡ್ ಪರೀಕ್ಷೆ

ವಿದ್ಯುತ್ ಕಡಿತದ ವೇಳೆ ಮಗ್ಗ ನಿಲ್ಲಬಾರದೆಂದು ದೊಡ್ಡಬಳ್ಳಾಪುರದ ಸಣ್ಣ ನೇಯ್ಗೆ ಉದ್ಯಮಿಯು ಹಳೆಯ ಡೀಸೆಲ್ ಜನರೇಟರನ್ನು ಅರಸುವುದು ಸಹಜ. ಆದರೆ ಹೊಸ ಬಣ್ಣವನ್ನೂ ಅವರ್ ಮೀಟರಿನ ಅಂಕಿಯನ್ನೂ ನಂಬಿ ಮುಂಗಡ ಕೊಡುವ ಪದ್ಧತಿ ಸರಿಯಲ್ಲ. ಮೀಟರನ್ನು ಬದಲಿಸುವುದು ಎಂಜಿನ್ ದುರಸ್ತಿಗಿಂತ ಬಹಳ ಅಗ್ಗ.

ಮಾರುವವರು ಎಂಜಿನನ್ನು ಮೊದಲೇ ಬಿಸಿ ಮಾಡಿಟ್ಟಿದ್ದರೆ ಅಂದಿನ ವ್ಯವಹಾರವನ್ನು ಮುಂದೂಡುವುದೇ ಲೇಸು. ತಣ್ಣಗಿರುವಾಗ ಚಾಲೂ ಮಾಡಿಸಿ, ಬಳಿಕ ಕನಿಷ್ಠ 1 ಗಂಟೆ ಪೂರ್ಣ ಲೋಡಿನಲ್ಲಿ ಓಡಿಸಬೇಕು. ಲೋಡ್ ಇಲ್ಲದಾಗ ಸವೆದ ಎಂಜಿನೂ ಸಭ್ಯವಾಗಿಯೇ ಓಡುತ್ತದೆ. ಬಿಸಿಯೇರಿದ ಮೇಲೂ ನೀಲಿ ಹೊಗೆ ನಿಲ್ಲದಿದ್ದರೆ ಆಯಿಲ್ ಉರಿಯುತ್ತಿದೆ ಎಂದರ್ಥ. ರಿಂಗು, ಲೈನರುಗಳ ವೆಚ್ಚವನ್ನು ಬೆಲೆಯಲ್ಲಿ ಕಳೆಯಬೇಕು. ಕಪ್ಪು ಹೊಗೆಗೆ ಕಟ್ಟಿಕೊಂಡ ಏರ್ ಫಿಲ್ಟರ್ ಇಲ್ಲವೇ ಇಂಜೆಕ್ಟರ್ ಕಾರಣವಿರಬಹುದು. ಅಷ್ಟಕ್ಕೇ ಯಂತ್ರವನ್ನು ತಿರಸ್ಕರಿಸಬೇಕಿಲ್ಲ.

ಪರೀಕ್ಷೆಯ ಡೀಸೆಲ್ ಯಾರದೆಂಬ ಚೌಕಾಸಿ ಅನಗತ್ಯ; ಕೊಳ್ಳುವವರೇ ಅಳೆದು ತುಂಬಿಸಲಿ. ಆಗ ಬಳಕೆಯ ಲೆಕ್ಕವೂ ಸಿಗುತ್ತದೆ. ಪೂರ್ಣ ಲೋಡಿನಲ್ಲಿ ಲೀಟರಿಗೆ ಸುಮಾರು 3 ಯೂನಿಟ್ ವಿದ್ಯುತ್ ದೊರೆಯದಿದ್ದರೆ, ಕೊಳ್ಳುವಾಗ ಉಳಿದ ಹಣ ಡೀಸೆಲಿಗೇ ಹೋಗುತ್ತದೆ.