ಸಂದೇಶ ಮುಂದೆ ಕಳುಹಿಸುವ ಮುನ್ನ ಯೋಚಿಸೋಣ

ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವದಂತಿ ವಾಟ್ಸಾಪ್‌ನಲ್ಲಿ ಹರಡಿ, 2018ರ ಜುಲೈ ತಿಂಗಳಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಯುವ ಇಂಜಿನಿಯರ್ ಒಬ್ಬರು ಉದ್ರಿಕ್ತ ಗುಂಪಿನ ಹಲ್ಲೆಗೆ ಬಲಿಯಾದರು. ಅದೇ ತಿಂಗಳು ವಾಟ್ಸಾಪ್ ಸಂಸ್ಥೆಯು, ಭಾರತದಲ್ಲಿ ಬಂದ ಸಂದೇಶವನ್ನು ಒಮ್ಮೆಗೆ 5 ಕಡೆಗೆ ಮಾತ್ರ ಕಳುಹಿಸುವ ಮಿತಿಯನ್ನು ಪ್ರಕಟಿಸಿತು. 2020ರ ಏಪ್ರಿಲ್‌ನಲ್ಲಿ, ಹಲವು ಕೈ ದಾಟಿ ಬಂದ ಸಂದೇಶಗಳಿಗೆ ಈ ಮಿತಿ ಒಂದಕ್ಕೆ ಇಳಿಯಿತು.

ಇಂತಹ ಮಿತಿಗಳು ವದಂತಿಯ ವೇಗವನ್ನು ತಗ್ಗಿಸಬಹುದೇ ಹೊರತು ಅದನ್ನು ತಡೆಯಲಾರವು. ಬರೆದವರು ಯಾರೆಂದು ನಾವು ವಿಚಾರಿಸುವುದಿಲ್ಲ. ಕಳುಹಿಸಿದವರು ಪರಿಚಿತರು ಎಂಬ ಕಾರಣಕ್ಕೆ ನಂಬುತ್ತೇವೆ. ವಾಳೆಯ ಗುರಿಕಾರರೋ, ಶಿಕ್ಷಕರೋ ಕಳುಹಿಸಿದರೆ ಸುಳ್ಳಿಗೂ ಅವರ ಗೌರವದ ಮುದ್ರೆ ಬೀಳುತ್ತದೆ.

ಆದುದರಿಂದ ಕೆಲವು ಸರಳ ನಿಯಮಗಳನ್ನು ಪಾಲಿಸೋಣ. ಊರು, ದಿನಾಂಕ, ಮೂಲ ಇಲ್ಲದ ಸುದ್ದಿಯನ್ನು ಮುಂದೆ ಕಳುಹಿಸುವುದು ಬೇಡ. ಅನುಮಾನ ಬಂದರೆ ಕಳುಹಿಸಿದವರಿಗೇ ಫೋನ್ ಮಾಡಿ ಕೇಳೋಣ. ಎಲ್ಲರೆದುರು ಅವಮಾನಿಸುವುದು ಬೇಡ. ಸುದ್ದಿ ಸುಳ್ಳೆಂದು ತಿಳಿದರೆ ಅದೇ ಗುಂಪಿನಲ್ಲಿ ತಿದ್ದುಪಡಿ ಹಾಕೋಣ. ಸದ್ದಿಲ್ಲದೆ ಅಳಿಸಿದರೆ, ಓದಿದವರ ಮನಸ್ಸಿನಲ್ಲಿ ಅದು ಹಾಗೆಯೇ ಉಳಿಯುತ್ತದೆ. ಯಾರದಾದರೂ ಫೋಟೋ ಹಾಕಿ ಅಪರಾಧ ಹೊರಿಸಿದ್ದರೆ ಪೊಲೀಸರಿಗೆ ತಿಳಿಸೋಣ, ಇನ್ನೊಂದು ಗುಂಪಿಗಲ್ಲ. ಕಳುಹಿಸಿದ ಸಂದೇಶವನ್ನು ಹಿಂತೆಗೆಯಬಹುದು, ಹೋದ ಜೀವವನ್ನಲ್ಲ.